ಕಂಡಿಯಲ್ಲಿ ಕೂರುವವರು ಯಾರು

ನಾಗಲಿಂಗಪ್ಪ ತಳವಾರರ ಬಲಗಣ್ಣು ಹೋಗುತ್ತಿದೆ ಎಂಬ ಸಂಗತಿ ಅಮೆರಿಕದ ಓಲ್ಡ್ ಬ್ರಿಡ್ಜ್‌ನ ಆ ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಸ್ವತಃ ನಾಗಲಿಂಗಪ್ಪ. ಅವರು ಅದನ್ನು ತಮಗೆ ತಾವೇ ಹೇಳಿಕೊಂಡಿರಲಿಲ್ಲ. ಇನ್ನೊಬ್ಬಳು ಮಗಳು ಕಲಾ. ಅವಳು ಯಾರಿಗೂ ಏನನ್ನೂ ಹೇಳುವವಳಲ್ಲ.

ಕಲಾಗೆ ಗೊತ್ತಾದದ್ದು ಯುಗಾದಿಯ ಬೆಳಿಗ್ಗೆ. ಒಗ್ಗರಣೆಯ ಮೆಣಸಿನಕಾಯಿ ಸಿಡಿದು ಅಪ್ಪನ ಎಡಗಣ್ಣಿಗೆ ಬಡಿಯಿತು. ಅವರು ಆ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಸಿಂಕಿನ ಕಡೆ ತಿರುಗಿದರು. ಕಲಾ ಟವೆಲ್ ಹಿಡಿದು ಎದುರಿಗೇ ನಿಂತಿದ್ದಳು, ಒಂದು ಮೊಳ ದೂರದಲ್ಲಿ. ಅಪ್ಪ ಅವಳ ಮುಖವನ್ನೇ ನೋಡುತ್ತ, "ಯಾರದು? ನೀತಾನಾ?" ಎಂದರು.

ನೀತಾ ಈ ಮನೆಯ ಸೊಸೆ, ಕಲಾಗಿಂತ ಗೇಣುದ್ದ ಎತ್ತರ. ಅವತ್ತು ಅವಳು ಇನ್ನೂ ಗಂಡನ ಜೊತೆ ತಾನಿರುವ ಬ್ರಿಡ್ಜ್‌ವಾಟರ್‌ನಿಂದ ಬಂದೇ ಇರಲಿಲ್ಲ. "ನಾನಪ್ಪಾ" ಎಂದು ಕಲಾ ಟವೆಲ್ ಕೊಟ್ಟಳು. "ಖಾರ ಭಾಳ ಕೆಟ್ಟದ್ದವಾ" ಎಂದು ಅಪ್ಪ ನಕ್ಕು ಮುಖ ಒರೆಸಿಕೊಂಡರು.

ಅಂದಿನಿಂದ ಅವಳು ಲಕ್ಷ್ಯವಿಟ್ಟು ನೋಡತೊಡಗಿದಳು. ಪೇಪರ್ ಓದುವಾಗ ಅಪ್ಪ ಕಾಳು ಹೆಕ್ಕುವ ಕೋಳಿಯ ಹಾಗೆ ತಲೆ ಓರೆ ಮಾಡುತ್ತಿದ್ದರು. ಚಹಾ ಬಗ್ಗಿಸುವ ಮುಂಚೆ ಬೆರಳತುದಿಯಿಂದ ಕಪ್ಪಿನ ಅಂಚು ಮುಟ್ಟಿ ನೋಡುತ್ತಿದ್ದರು. ಊಟದ ಮೇಜಿನಲ್ಲಿ ಎಂಟು ವರ್ಷದಿಂದ ಕೂರುತ್ತಿದ್ದ ಕುರ್ಚಿಯನ್ನು ಬಿಟ್ಟು, ಮಾತಾಡುವವರೆಲ್ಲ ಎಡಗಡೆಗೆ, ಮಾತಾಡದ ಕಲಾ ಮಾತ್ರ ಬಲಗಡೆಗೆ ಬರುವಂತೆ ಗೋಡೆ ಬದಿಯ ಕುರ್ಚಿಗೆ ಬಂದಿದ್ದರು. ಎಡಗಣ್ಣು ಚುರುಕಾಗಿತ್ತು. ಕಾರು ಓಡಿಸುವುದಕ್ಕೂ ಪಂಪಿನ ಕಾರ್ಖಾನೆಯಲ್ಲಿ ಲೇತ್ ನಡೆಸುವುದಕ್ಕೂ ಅದೊಂದೇ ಸಾಕಾಗುತ್ತಿತ್ತು. ಹೀಗಾಗಿ ಕಲಾ ಸುಮ್ಮನಿದ್ದಳು. ಯಾರಿಗೂ ತೊಂದರೆಯಿಲ್ಲದ ಗುಟ್ಟು, ಇದ್ದರೆ ಇರಲಿ ಎಂದುಕೊಂಡಳು.

ಸುಮ್ಮನಿರುವುದು ಅವಳಿಗೆ ಹೊಸದಲ್ಲ. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಹುಬ್ಬಳ್ಳಿಯಿಂದ ಇಲ್ಲಿಗೆ ಬಂದಾಗ ಅವಳಿಗೆ ಹದಿನಾಲ್ಕು. ಹೈಸ್ಕೂಲಿನಲ್ಲಿ ಅವಳು ಬಾಯಿ ತೆರೆದಾಗಲೆಲ್ಲ ಹಿಂದಿನ ಬೆಂಚು ನಗುತ್ತಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಳು, ಆಮೇಲೆ ಶಾಲೆಯನ್ನೂ ಬಿಟ್ಟಳು. ಶಾಲೆಯವರು ಮನೆಗೆ ಬಂದು ಕೇಳಿದಾಗ ನಾಗಲಿಂಗಪ್ಪ ತಮ್ಮ ಮುರುಕು ಇಂಗ್ಲಿಷಿನಲ್ಲಿ, "ಮೈ ಡಾಟರ್ ಈಸ್ ನಾಟ್ ಸ್ಟುಪಿಡ್, ಶೀ ಈಸ್ ಟಯರ್ಡ್" ಎಂದು ಕಳಿಸಿಬಿಟ್ಟಿದ್ದರು. ಅವಳನ್ನು ಒಂದು ಮಾತು ಬೈದಿರಲಿಲ್ಲ. ಈಗ ಅವಳು ಪರ್ತ್ ಆಂಬಾಯ್‌ನ ಪರದೆ ಕಾರ್ಖಾನೆಯಲ್ಲಿ ದೀಪ ಹಾಕಿದ ಮೇಜಿನ ಮೇಲೆ ಹರಿದುಹೋಗುವ ಬಟ್ಟೆಯಲ್ಲಿ ತಪ್ಪಿದ ಎಳೆ ಹುಡುಕುತ್ತಾಳೆ. ತಪ್ಪು ಕಂಡಲ್ಲಿ ಸೀಮೆಸುಣ್ಣದ ಗುರುತು. ಬಾಯಿ ಬೇಕಿಲ್ಲದ ಕೆಲಸ.

ಗುಟ್ಟು ತೊಂದರೆಯಾದದ್ದು ಮೇ ತಿಂಗಳಲ್ಲಿ, ಅಪ್ಪನ ಜೊತೆ ಕೆಲಸ ಮಾಡುವವನೊಬ್ಬ ಒಂದು ಫೋಟೋ ಕೊಟ್ಟಾಗ. ವಯೋಮಿಂಗ್‌ನ ಬಯಲು; ಮರವಿಲ್ಲ, ಗುಡ್ಡವಿಲ್ಲ; ನಡುವೆ ಕಂದು ಮೈ, ಬಿಳಿ ಹೊಟ್ಟೆ, ಕವಲು ಕೋಡಿನ ಒಂದು ಪ್ರಾಣಿ. ಅಮೆರಿಕದವರು ಪ್ರಾಂಗ್‌ಹಾರ್ನ್ ಅನ್ನುತ್ತಾರೆ. ಭಾನುವಾರ ಮಗ, ಸೊಸೆ ಊಟಕ್ಕೆ ಬಂದಾಗ ನಾಗಲಿಂಗಪ್ಪ ಆ ಫೋಟೋವನ್ನು ಮೇಜಿನ ಮೇಲೆ ಇಟ್ಟು, "ಚಿಗರಿ" ಎಂದರು.

"ಚಿಗರಿ ಅಲ್ಲಪ್ಪಾ, ಇದರ ಜಾತೀನ ಬ್ಯಾರೆ" ಎಂದ ಪ್ರಭಾಕರ. ಇಪ್ಪತ್ತಾರು ವರ್ಷದ ಮಗ, ಬ್ರಿಡ್ಜ್‌ವಾಟರ್‌ನ ಒಂದು ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್.

"ಜಾತಿ ಕೇಳಿ ಹೆಣ್ಣು ಕೊಡತೀಯೇನ್ಲೇ? ಓಡೂದು ನೋಡು ಅದರದ್ದು."

ಫೋಟೋದಲ್ಲಿ ಅದು ನಿಂತಿತ್ತು. ಆದರೆ ನಾಗಲಿಂಗಪ್ಪನವರ ಕಣ್ಣಿನಲ್ಲಿ ಅದು ಆಗಲೇ ಓಡುತ್ತಿತ್ತು. ರಾಣೆಬೆನ್ನೂರಿನ ಆಚೆಯ ಎರೆಬಯಲಿನಲ್ಲಿ ಅವರ ಅಪ್ಪ, ಅಜ್ಜ, ಮುತ್ತಜ್ಜ ಚಿಗರಿಯ, ಅಂದರೆ ಕೃಷ್ಣಮೃಗದ, ಬೇಟೆ ಆಡಿದವರು. ಹನ್ನೆರಡನೇ ವಯಸ್ಸಿನಲ್ಲಿ ಅವರು ಮೊದಲ ಚಿಗರಿ ಹೊಡೆದಿದ್ದರು. ಈಗ ಅಲ್ಲಿ ಕಾನೂನು ಬಂದಿದೆ, ಮುಟ್ಟುವ ಹಾಗಿಲ್ಲ. ಅದು ಒಳ್ಳೆಯದೇ, ಉಳಿದದ್ದೆಷ್ಟು ಎಂದು ಅವರೇ ಹೇಳುತ್ತಿದ್ದರು. ಆದರೆ ಇಲ್ಲಿ ಸರ್ಕಾರವೇ ಚೀಟಿ ಎತ್ತಿ ಲೈಸೆನ್ಸ್ ಕೊಡುತ್ತದೆಯಂತೆ. ಮಕ್ಕಳು ದೊಡ್ಡವರಾಗಿದ್ದಾರೆ. ಒಂದೇ ಒಂದು ಸಲ, ಎಲ್ಲರೂ ಕೂಡಿ.

"ಅಲ್ಲಿತನಕ ಹೋಗಾಕ ಎಷ್ಟು ರೊಕ್ಕ ಗೊತ್ತೈತೇನು?" ಎಂದಳು ತಾಯಿ ದ್ಯಾಮವ್ವ.

"ಅದನ್ನ ಪ್ರಭ್ಯಾ ನೋಡತಾನ. ಕಾಗದದ ಮ್ಯಾಲೆ ಬಂಗಲೆ ಕಟ್ಟಾಂವ, ಇದೊಂದು ಕಟ್ಟಲಿ."

ಪ್ರಭಾಕರ ಕಟ್ಟಿದ. ಜೂನ್ ತಿಂಗಳ ಪ್ರತಿ ಭಾನುವಾರ ಮೇಜಿನ ಮೇಲೆ ನಕ್ಷೆ ಹರಡಿತು. ಗೈಡ್ ಇಟ್ಟುಕೊಂಡರೆ ಒಂದು ತಿಂಗಳ ಸಂಬಳ ಹೋಗುತ್ತದೆ. ಆದ್ದರಿಂದ ಗೈಡ್ ಇಲ್ಲ, ಸರ್ಕಾರದ ಬಯಲಿನಲ್ಲೇ ಬೇಟೆ. ಮೋಟೆಲ್ ಇಲ್ಲ, ಡೇರೆ. ನಾಲ್ಕು ಲೈಸೆನ್ಸ್ ಬೇಡ, ಎರಡು ಸಾಕು: ಒಂದು ಅಪ್ಪನದು, ಒಂದು ತನ್ನದು. ರೈಫಲ್ಲೂ ಒಂದೇ, ಸೆಕೆಂಡ್‌ಹ್ಯಾಂಡ್. ಒಬ್ಬರಾದ ಮೇಲೆ ಒಬ್ಬರು ಹಿಡಿಯುವುದು. ಊಟದ ಖರ್ಚು ದ್ಯಾಮವ್ವ ತಾನೇ ತೀರಿಸಿದಳು. ಹತ್ತಿರದ ಊರು ಫ್ರೀಹೋಲ್ಡ್ ಕಡೆಯ ದನದ ಮೇವಿನ ಅಂಗಡಿಯಲ್ಲಿ ಬಿಳಿಜೋಳದ ಮೂಟೆ ಸಿಗುತ್ತದೆಂದು ಅವಳಿಗೆ ಮೊದಲೇ ಗೊತ್ತಿತ್ತು. ಒಂದು ಮೂಟೆ ತರಿಸಿ, ಆರಿಸಿ, ಬೀಸಿಸಿ, ಕಟಕ್ ರೊಟ್ಟಿ ಮಾಡಿ ಒಣಗಿಸಿ ಡಬ್ಬಿ ತುಂಬತೊಡಗಿದಳು. ತಿಂಗಳುಗಟ್ಟಲೆ ಕೆಡದ ರೊಟ್ಟಿ, ಶೇಂಗಾ ಚಟ್ನಿ, ಉಪ್ಪಿನಕಾಯಿ.

"ದನದ ಮೇವು ತಿಂದ್ಕೊಂಡು ಅಮೆರಿಕಾ ಸುತ್ತೋದು ನಾವೇ ಇರ್ಬೇಕು ಅತ್ತೆ" ಎಂದಳು ನೀತಾ. ಚಿತ್ರದುರ್ಗದ ನಾಯಕರ ಮನೆಯ ಹುಡುಗಿ, ಓದಿದ್ದು ಮೈಸೂರು, ಮಾತು ಮೈಸೂರಿನದೇ.

"ತಿಂದು ನೋಡು, ಆಮ್ಯಾಲೆ ಹಂಬಾ ಅಂತೀಯೋ ಏನಂತೀಯೋ ಹೇಳು."

ಕಾರಿನದೊಂದೇ ತೊಡಕಾಗಿತ್ತು; ಮನೆಯ ಕಾರು ಅಷ್ಟು ಸಾಮಾನಿಗೆ ಸಾಲದು. ಬ್ರಿಡ್ಜ್‌ವಾಟರ್‌ನ ಪರಿಚಯಸ್ಥ, ಮಾಂಸ ಮುಟ್ಟದ ಕೇಶವಮೂರ್ತಿ ಅಂಕಲ್ ತಮ್ಮ ಸ್ಟೇಷನ್ ವ್ಯಾಗನ್ ಕೊಡಲು ಒಪ್ಪಿದರು. ಶರತ್ತು ಒಂದೇ: ಗಾಡಿಯೊಳಗೆ ಮಾಂಸ ಬರಕೂಡದು.

"ಒಳಗ ತರೂದಿಲ್ಲ, ಮ್ಯಾಲೆ ಕಟ್ಟತೀವಿ ಅಂತ ಹೇಳು" ಎಂದರು ನಾಗಲಿಂಗಪ್ಪ. "ಅಲ್ಲೇ ಖಂಡ ಮಾಡಿ, ಉಪ್ಪು ಅರಿಶಿಣ ಹಚ್ಚಿ, ಎರಡು ದಿನ ಬಿಸಲಿಗೆ ಒಣಗಿಸಿದ್ರ ಮುಗೀತು. ಐಸ್‌ನ ಖರ್ಚೂ ಇಲ್ಲ."

"ಮ್ಯಾಲೆ ಕಟ್ಟಿದ್ರ ಅವರ ಹೆಂಡತಿ ಗಾಡಿಗೆ ಸಗಣಿ ಸಾರಸತಾಳ" ಎಂದಳು ದ್ಯಾಮವ್ವ, ಎಲ್ಲರೂ ನಕ್ಕರು. ಕಲಾ ಕೂಡ ನಕ್ಕಳು. ಅಲ್ಲಿಯತನಕ ಅವಳಿಗೆ ಇದು ಭಾನುವಾರದ ಮಾತು, ಅಷ್ಟೇ. ಚೀಟಿ ಎತ್ತುವುದರಲ್ಲಿ ಹೆಸರು ಬರುವುದಿಲ್ಲ, ಬಂದರೂ ಹೋಗುವುದಿಲ್ಲ ಎಂದು ಒಳಗೊಳಗೇ ನಂಬಿದ್ದಳು.

ಜುಲೈಯಲ್ಲಿ ಎರಡೂ ಹೆಸರು ಬಂದವು.

ಆ ವಾರವೇ ಗುರಿ ನೋಡಲು ಹೋದರು. ದಕ್ಷಿಣಕ್ಕೆ, ಪೈನ್ ಮರಗಳ ನಡುವಿನ ಮರಳುನೆಲದಲ್ಲಿ ಒಂದು ಶೂಟಿಂಗ್ ಮೈದಾನ. ಫೋಟೋ ಕೊಟ್ಟವನೇ ಒಳಗೆ ಬಿಡಿಸಿದ. ನೂರು ಗಜ ದೂರದಲ್ಲಿ ಎರಡು ಹಲಗೆ, ಎರಡು ಗುರಿ ಹಾಳೆ. ಮೊದಲು ಪ್ರಭಾಕರ ಐದು ಗುಂಡು ಹೊಡೆದ. ಆಮೇಲೆ ನಾಗಲಿಂಗಪ್ಪ. ಕಲಾ ಬೆಂಚಿನ ತುದಿಯಲ್ಲಿ ದುರ್ಬೀನು ಹಿಡಿದು ಕೂತಿದ್ದಳು.

ಅಪ್ಪ ಬಂದೂಕನ್ನು ಬಲಭುಜಕ್ಕೆ ಒತ್ತಿದ ರೀತಿ ಎಷ್ಟು ಚೆಂದವಿತ್ತೆಂದರೆ ಆಚೀಚೆಯವರು ತಮ್ಮ ಕೆಲಸ ಬಿಟ್ಟು ನೋಡಿದರು. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಗುರಿ ಹಿಡಿದರು, ಉಸಿರು ಬಿಟ್ಟರು, ಬಂದೂಕಿನ ಕುದುರೆ ಒತ್ತಿದರು. ಹಲಗೆಯಿಂದ ಮಾರು ದೂರದಲ್ಲಿ ಮರಳು ಹಾರಿತು. ಎರಡನೆಯದೂ ಅಲ್ಲೇ. ಮೂರನೆಯದು ಎಲ್ಲಿ ಹೋಯಿತೋ ಕಾಣಲಿಲ್ಲ. ನಾಲ್ಕನೆಯದು ಹಾಳೆಯ ಮೂಲೆಗೆ ತಾಕಿತು. ಐದನೆಯದು ಮತ್ತೆ ಮರಳಿಗೆ. ಪ್ರಭಾಕರ ಆಗ ಮೈದಾನದವನ ಜೊತೆ ಗುಂಡಿನ ಡಬ್ಬಿಯ ವಿಚಾರ ಮಾತಾಡುತ್ತಿದ್ದ, ನೋಡಲಿಲ್ಲ.

ಗುಂಡು ಹಾರಿಸುವುದು ನಿಂತ ಮೇಲೆ ಹಾಳೆ ಬಿಚ್ಚಿಕೊಂಡು ಬರಲು ಕಲಾಳನ್ನೇ ಕಳಿಸಿದರು. ಅವಳು ಎರಡೂ ಹಾಳೆ ತಂದಳು. ಒಂದರಲ್ಲಿ ನಡುವೆ ಮುಷ್ಟಿಯಷ್ಟು ಜಾಗದಲ್ಲಿ ಐದು ತೂತು. ಇನ್ನೊಂದರಲ್ಲಿ ಮೂಲೆಗೆ ಒಂದು.

"ಯಾವುದು ಯಾರದು?" ಎಂದ ಪ್ರಭಾಕರ.

ಅಪ್ಪ ಬಂದೂಕನ್ನು ಬಗಲಲ್ಲಿ ಹಿಡಿದು ನಿಂತಿದ್ದರು. ತಲೆಯನ್ನು ಓರೆ ಮಾಡಿರಲಿಲ್ಲ. ನೆಟ್ಟಗೆ ನಿಂತು, ಪರೀಕ್ಷೆಯ ಫಲ ಕೇಳುವ ಹುಡುಗನ ಹಾಗೆ, ಅವಳ ಕಡೆ ಮುಖ ಮಾಡಿದ್ದರು. ಕಲಾ ಆ ಮುಖ ನೋಡಿದಳು. ನೋಡಬಾರದಿತ್ತು. ಐದು ತೂತಿನ ಹಾಳೆಯನ್ನು ಮುಂದೆ ಚಾಚಿ, "ಇದು ಅಪ್ಪಂದು" ಎಂದಳು.

ಪ್ರಭಾಕರ ಸಿಳ್ಳೆ ಹಾಕಿದ. "ನಂದು ನೋಡು, ಮಾನ ಹೋತು" ಎಂದು ತನ್ನದಲ್ಲದ ಹಾಳೆಯನ್ನು ಮುದ್ದೆ ಮಾಡಿ ಕಸದ ಡ್ರಮ್ಮಿಗೆ ಎಸೆದ. ನಾಗಲಿಂಗಪ್ಪ ಒಳ್ಳೆಯ ಹಾಳೆಯನ್ನು ಇಸಿದುಕೊಂಡು ಎಡಗಣ್ಣಿನ ಹತ್ತಿರ ಹಿಡಿದು, ತೂತುಗಳ ಮೇಲೆ ಬೆರಳಾಡಿಸಿದರು. ಮನೆಗೆ ಬಂದ ಮೇಲೆ ಅದನ್ನು ಫ್ರಿಜ್‌ನ ಬಾಗಿಲಿಗೆ ಅಂಟಿಸಿದರು.

ಅಂದಿನಿಂದ ಅಪ್ಪನ ನಡಿಗೆಯೇ ಬೇರೆಯಾಯಿತು. ಬೆಳಿಗ್ಗೆ ಹಾಡು ಗುನುಗುತ್ತ ಗಡ್ಡ ಕೆರೆಯುತ್ತಿದ್ದರು. ಚಹಾದ ಕಪ್ಪಿನ ಅಂಚು ಮುಟ್ಟಿ ನೋಡುವುದನ್ನು ಬಿಟ್ಟರು. ಮೇಜಿನ ಮೇಲೆ ಚಹಾ ಚೆಲ್ಲತೊಡಗಿತು. ಕಲಾ ಯಾರೂ ಕಾಣುವ ಮುಂಚೆ ಒರೆಸಿಬಿಡುತ್ತಿದ್ದಳು. ಒಂದು ಹಾಳೆಯ ಸುಳ್ಳು, ಆ ಕ್ಷಣಕ್ಕೆ ಮುಗಿಯುತ್ತದೆ ಎಂದುಕೊಂಡಿದ್ದಳು. ಅದು ಮುಗಿಯಲಿಲ್ಲ, ಮನೆಯೊಳಗೆ ಬಂದು, ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿತು.

ಆಗಸ್ಟಿನ ಮೊದಲ ಭಾನುವಾರ ನಾಗಲಿಂಗಪ್ಪ ಬೇಟೆಯ ಕ್ರಮ ಹೇಳಿದರು. ಉಪ್ಪಿನ ಗೆರೆಯೊಂದನ್ನು ಮೇಜಿನುದ್ದಕ್ಕೂ ಎಳೆದರು.

"ಇದು ತಂತಿಬೇಲಿ. ಈ ಪ್ರಾಣಿ ಬೇಲಿ ಜಿಗಿಯೂದಿಲ್ಲಂತ, ಕೆಳಗ ನುಸುಳತೈತಂತ. ಎಲ್ಲಿ ಕೆಳಗಿನ ತಂತಿ ಎತ್ತರ ಐತಿ, ಅಲ್ಲಿ ಅದಕ ದಾರಿ." ಗೆರೆಯ ನಡುವೆ ಬೆರಳಿನಿಂದ ಉಪ್ಪು ಸರಿಸಿದರು. "ಇದು ಕಂಡಿ. ಗೈಡ್ ಯಾಕ ಬೇಕು? ನಮ್ಮೂರಾಗ ಚಿಗರಿ ಎಬ್ಬಿಸಿ ಸೋವು ಮಾಡತಿದ್ವಲ್ಲ, ಹಂಗ ಮಾಡೂದು. ನಾ ಕಂಡಿ ಎದುರಿಗೆ ಕುಂದರತೀನಿ. ನೀವು ಮೂರೂ ಮಂದಿ ಸುತ್ತ ಹಾಕಿ ಮೈಲು ದೂರದಿಂದ ಸಾಲಾಗಿ ನಡಕೋತ ಬರ್ರಿ. ಓಡಬ್ಯಾಡ್ರಿ, ಕೂಗಬ್ಯಾಡ್ರಿ. ಅವು ತಾವಾಗೇ ಕಂಡಿಗೆ ಬರತಾವ."

ಒಂದು ಬೆಳ್ಳುಳ್ಳಿ ಎಸಳನ್ನು ಕಂಡಿಯ ಈಚೆ ಇಟ್ಟರು, ಅದು ಅವರು. ಆಚೆ ದೂರದಲ್ಲಿ ಮೂರು ಮೆಂತ್ಯದ ಕಾಳು. ಅವು ಪ್ರಭಾಕರ, ನೀತಾ, ಕಲಾ.

"ನಾನು ಅಮೆರಿಕಾಕ್ಕೆ ಬಂದಿದ್ದು ಜಿಂಕೆ ಓಡ್ಸೋಕಾ ಮಾವ?" ಎಂದಳು ನೀತಾ.

"ಚಿಗರಿ ಅನ್ನವಾ. ಜಿಂಕಿ ಬ್ಯಾರೆ."

"ಮೊದ್ಲು ನೀವು ಹೊಡೀರಿ, ಆಮೇಲೆ ಇವ್ರಿಗೂ ಒಂದ್ಸಲ ಬಂದೂಕು ಕೊಡಿ. ಇಲ್ದಿದ್ರೆ ವರ್ಷವಿಡೀ ನಾನು ಕೇಳ್ಬೇಕು."

"ನನ್ನ ಗುರಿ ಫ್ರಿಜ್ ಮ್ಯಾಲೆ ನೋಡಿಲ್ಲೇನು?" ಎಂದ ಪ್ರಭಾಕರ. "ಅಲ್ಲಲ್ಲ, ಅಪ್ಪಂದು. ನನ್ನದು ಕಸದ ಡಬ್ಬ್ಯಾಗ ಐತಿ. ಮೊದಲ ದಿನ ಪೂರಾ ಅಪ್ಪಾನ ಕುಂದರಲಿ."

ಕಲಾ ಮೇಜನ್ನೇ ನೋಡುತ್ತಿದ್ದಳು. ಬೆಳ್ಳುಳ್ಳಿಯಿಂದ ಕಂಡಿಗೆ, ಕಂಡಿಯಿಂದ ಮೆಂತ್ಯದ ಕಾಳುಗಳಿಗೆ, ಒಂದು ನೇರ ಗೆರೆ. ಚಿಗರಿ ಬಂದಾಗ ಗುಂಡು ಆ ಗೆರೆಯ ಮೇಲೆಯೇ ಹಾರುತ್ತದೆ. ಕಂದು ಹುಲ್ಲು, ಕಂದು ಪ್ರಾಣಿ, ಹಿಂದೆ ಬೇಟೆಯ ಕಾನೂನಿನಂತೆ ಕಿತ್ತಳೆ ಟೊಪ್ಪಿಗೆ ಹಾಕಿದ ಮೂವರು. ಕಣ್ಣಿದ್ದವನಿಗೆ ಯಾವುದು ಯಾವುದೆಂದು ಗೊತ್ತಾಗುತ್ತದೆ. ಒಂದು ಮೊಳ ದೂರದಲ್ಲಿ ನಿಂತ ಮಗಳನ್ನು ಸೊಸೆ ಎಂದವರಿಗೆ?

ಅವಳು ಎದ್ದು ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

ಆಮೇಲಿನ ದಿನಗಳಲ್ಲಿ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕಾರ್ಖಾನೆಯಲ್ಲಿ ತಪ್ಪೇ ಇಲ್ಲದ ಬಟ್ಟೆಗೆ ಗುರುತು ಹಾಕಿ ಮೇಲಿನವಳಿಂದ ಬೈಸಿಕೊಂಡಳು. ಮನೆಯಲ್ಲಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವಳು, ಯಾಕೆ ಬಂದೆನೆಂದು ಮರೆತು ತಿರುಗುವಳು. ಫ್ರಿಜ್‌ನ ಬಾಗಿಲು ತೆಗೆಯುವಾಗ ಮುಖ ಆಚೆ ತಿರುಗಿಸುವಳು.

ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ತಾಯಿಯ ಹತ್ತಿರ ಕೂತು, "ಯವ್ವಾ, ಅಪ್ಪಂದು ಕಣ್ಣು" ಎಂದು ಮಾತು ತೆಗೆದಳು.

ದ್ಯಾಮವ್ವ ಹಿಟ್ಟಿನ ಕೈಯಿಂದಲೇ ಅವಳ ಬಾಯಿ ಮುಚ್ಚಿದಳು. "ಬ್ಯಾಟಿ ಮಾತು ಎತ್ತಿದ ಮ್ಯಾಲೆ ಅಡ್ಡ ಮಾತು ಆಡಬಾರದು. ಕಣ್ಣು, ಕಾಲು, ರಕ್ತ, ಇವ್ಯಾವೂ ಬಾಯಾಗ ಬರಬಾರದು. ನಮ್ಮತ್ತಿ ಹೊಂಟವರ ಮುಂದ ಕೆಮ್ಮತಿದ್ದಿಲ್ಲ. ಹೋಗು, ಬಾಯಿ ತೊಳಕೊಂಡು ಬಾ."

ಇನ್ನೊಂದು ದಿನ ಅಣ್ಣನಿಗೆ ಫೋನ್ ಮಾಡಿದಳು. ಅವಳು ಫೋನ್ ಮಾಡುವುದೇ ಅಪರೂಪ, ಪ್ರಭಾಕರ ಗಾಬರಿಯಾದ. "ಏನಾತು? ಎಲ್ಲಾರೂ ಆರಾಮ?"

"ಆರಾಮ" ಎಂದಳು. "ಅಪ್ಪಾ ಬ್ಯಾಡ, ನೀನ ಮೊದಲು ಕುಂದ್ರು ಕಂಡಿಗೆ."

"ಯಾಕ?"

ಯಾಕೆಂದು ಹೇಳಬೇಕಾದರೆ ಹಾಳೆಯಿಂದ ಆರಂಭಿಸಬೇಕು. "ಸುಮ್ನ" ಎಂದಳು.

"ಏ ಹುಚ್ಚೀ, ಐವತ್ತೈದು ವರ್ಷದ ಮನಿಶ್ಯಾ ಸಣ್ಣ ಹುಡುಗನಂಗ ಕುಣ್ಯಾಕತ್ತಾನ. ಅದರಾಗ ಕೈ ಹಾಕಿ ನಾ ಬೈಸಿಗೋಬೇಕೇನು? ನನ್ನ ಗುರಿ ನೀನ ತಂದು ತೋರಿಸಿಯಲ್ಲ." ಅವನು ನಗುತ್ತ ಫೋನ್ ಇಟ್ಟ.

ಬರದೇ ಇದ್ದುಬಿಡೋಣ ಎಂದೂ ಯೋಚಿಸಿದಳು. ಜ್ವರ ಎಂದರೆ ಸಾಕು. ಆದರೆ ಅವಳ ಒಂದು ಕಾಳು ಹೋದರೂ ಇನ್ನೆರಡು ಕಾಳು ಅಲ್ಲೇ ಇರುತ್ತವೆ.

ಸೆಪ್ಟೆಂಬರ್ ಬಂತು. ಮುಂದಿನ ಶನಿವಾರ ಹೊರಡುವುದೆಂದು ಗೊತ್ತಾಗಿ ಅದರ ಹಿಂದಿನ ಭಾನುವಾರ ಮಧ್ಯಾಹ್ನ ವೀಳ್ಯ ಕೊಡುವ ಶಾಸ್ತ್ರ ಇಟ್ಟುಕೊಂಡರು. ತಳವಾರರ ಮನೆಯಲ್ಲಿ ಬೇಟೆಗೆ ಹೊರಡುವ ಮುಂಚೆ ಹಿರಿಯ ಒಬ್ಬೊಬ್ಬರ ಹೆಸರು ಹೇಳಿ, ಅವರ ಜಾಗ ಹೇಳಿ, ಎಲೆ ಇಡುತ್ತಾನೆ. ಎಲೆ ಎತ್ತಿಕೊಂಡರೆ ಆ ಜಾಗ ನನ್ನದು, ಜೀವ ಹೋದರೂ ಬಿಡೆ ಎಂದು ಮಾತು ಕೊಟ್ಟ ಹಾಗೆ. ಪ್ರಭಾಕರ ನ್ಯೂಯಾರ್ಕಿಗೆ ಹೋಗಿ ಲೆಕ್ಸಿಂಗ್ಟನ್ ಅವೆನ್ಯೂದ ಅಂಗಡಿಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ ತಂದಿದ್ದ. ಇಡೀ ಯೋಜನೆಯಲ್ಲಿ ತುಟ್ಟಿಯಾದದ್ದು ಇದೊಂದೇ ಎಂದು ಬೇಸರವನ್ನೂ ಮಾಡಿಕೊಂಡಿದ್ದ.

ನಾಗಲಿಂಗಪ್ಪ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಗೋಡೆ ಬದಿಯ ಕುರ್ಚಿಯಲ್ಲಿ ಕೂತರು. ಒಂದು ಎಲೆ, ಅದರ ಮೇಲೆ ಒಂದು ಅಡಿಕೆ.

"ದ್ಯಾಮವ್ವ. ಮನಿ ಕಾಯೂದು."

ದ್ಯಾಮವ್ವ ಎಲೆಯನ್ನು ಕಣ್ಣಿಗೆ ಒತ್ತಿಕೊಂಡು ಎತ್ತಿದಳು.

"ಪ್ರಭಾಕರ. ಸೋವಿನ ಬಲಗಡೆ."

ಪ್ರಭಾಕರ ಎತ್ತಿದ.

"ನೀತಾ. ಎಡಗಡೆ."

"ಆಯ್ತು ಮಾವ" ಎಂದು ನೀತಾ ಎತ್ತಿದಳು.

"ಕಲಾ. ನಡುವ."

ಎಲೆ ಕಲಾಳ ಮುಂದೆ ಬಂತು. ನಾಗಲಿಂಗಪ್ಪ ಕೈ ಹಿಂದೆಗೆದು ಕಾದರು. ಎಲೆಯ ಮೇಲೆ ಇನ್ನೂ ನೀರಿನ ಹನಿಗಳಿದ್ದವು. ಕಲಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತಿದ್ದಳು.

"ಎತ್ತವಾ" ಎಂದಳು ದ್ಯಾಮವ್ವ ಮೆಲ್ಲಗೆ.

ಅವಳು ಎತ್ತಲಿಲ್ಲ.

"ನಾಚಿಕೀ ಏನು ಇದಕ್ಕ?" ಎಂದು ಪ್ರಭಾಕರ ನಗಲು ನೋಡಿದ. ಯಾರೂ ಜೊತೆಗೂಡಲಿಲ್ಲ.

ನಾಗಲಿಂಗಪ್ಪನವರ ಧ್ವನಿ ಬಿಗಿಯಾಯಿತು. "ನಮ್ಮ ಮನಿತನದಾಗ ವೀಳ್ಯ ಬಿಟ್ಟವರಿಲ್ಲ. ಬರೂದಿಲ್ಲಾದ್ರ ಮೊದಲ ಹೇಳಬೇಕಿತ್ತು. ಇಟ್ಟ ಮ್ಯಾಲೆ ಅಲ್ಲ."

"ಬರತೀನಿ" ಎಂದಳು ಕಲಾ. ಧ್ವನಿ ಅವಳದೇ ಎಂದು ಅವಳಿಗೇ ಅನ್ನಿಸಲಿಲ್ಲ. "ನೀ ಕಂಡಿಗೆ ಕುಂತ್ರ ಎತ್ತೂದಿಲ್ಲ."

ನಾಗಲಿಂಗಪ್ಪ ಮೇಜಿನ ಮೇಲೆ ಕೈಯೂರಿ ಮುಂದಕ್ಕೆ ಬಾಗಿದರು.

"ಯಾಕ ಕುಂದರಬಾರದು?"

"ಅವತ್ತು ಹಾಳಿ ಅದಲಬದಲ ಮಾಡೀನಿ." ಮಾತು ಒಮ್ಮೆ ಬಿಟ್ಟ ಮೇಲೆ ತಡೆಯುವುದು ಸಾಧ್ಯವಾಗಲಿಲ್ಲ. "ಗುರಿ ಹಾಳಿ. ಚಲೋದು ಅಣ್ಣಂದು. ಫ್ರಿಜ್ ಮ್ಯಾಲಿಂದು ಅಣ್ಣಂದು."

ಪ್ರಭಾಕರ ತಿರುಗಿ ಫ್ರಿಜ್ ಕಡೆ ನೋಡಿದ. ಆಮೇಲೆ ಅಪ್ಪನ ಕಡೆ ನೋಡಿದ. ಆಮೇಲೆ ಯಾರ ಕಡೆಯೂ ನೋಡಲಿಲ್ಲ.

ನಾಗಲಿಂಗಪ್ಪ ಉಳಿದ ಎಲೆಗಳನ್ನು ಬದಿಗೆ ಸರಿಸಿದರು. "ನಂದು ಒಂದೂ ಬಿದ್ದಿದ್ದಿಲ್ಲೇನು?"

"ಒಂದು. ಮೂಲಿಗೆ."

"ಉಳಿದವು?"

"ಮಳಲಿಗೆ."

"ಎರಡು ತಿಂಗಳಾತು" ಎಂದರು ಅವರು. "ಎರಡು ತಿಂಗಳಿಂದ ನಾ, ನನ್ನ ಕಣ್ಣು ತಾನ ಸುಧಾರಿಸೇತಿ ಅಂತ ತಿಳಕೊಂಡಿದ್ದೆ."

"ಕಣ್ಣಿಗೆ ಏನಾಗೈತಿ?" ಎಂದಳು ದ್ಯಾಮವ್ವ. "ಯಾವ ಕಣ್ಣು? ನನಗ ಯಾರೂ ಹೇಳಲಿಲ್ಲಲ್ಲ."

ಕಲಾ ಅವ್ವನ ಕಡೆ ನೋಡಲಿಲ್ಲ. ನಾಗಲಿಂಗಪ್ಪನವರ ಮುಖ ಕೆಂಪಾಗಿತ್ತು. "ಅವತ್ತ ಯಾಕ ಹೇಳಲಿಲ್ಲ?"

"ನಿನ್ನ ಮಾರಿ ನೋಡಿ."

"ಇವತ್ತು ನನ್ನ ಮಾರಿ ಕಾಣವಲ್ತೇನು? ಎಲ್ಲಾರ ಮುಂದ, ಎಲಿ ಇಟ್ಟ ಮ್ಯಾಲೆ?"

"ಕಾಣತೈತಿ" ಎಂದಳು ಕಲಾ. "ಅಣ್ಣಂದೂ ಕಾಣತೈತಿ. ವೈನೀದೂ ಕಾಣತೈತಿ."

ನಾಗಲಿಂಗಪ್ಪ ಎದ್ದರು. ಕುರ್ಚಿ ಗೋಡೆಗೆ ಬಡಿಯಿತು. ಹಿಂಬಾಗಿಲು ತೆಗೆದು ಹಿತ್ತಲಿಗೆ ಹೋದರು. ಪ್ರಭಾಕರ ಹಿಂದೆಯೇ ಏಳಲು ಹೋದ. ನೀತಾ ಅವನ ತೋಳು ಹಿಡಿದು, "ಬೇಡ ರೀ, ಬಿಡಿ" ಎಂದಳು.

ಮೇಜಿನ ಪಕ್ಕದ ತೆರೆದ ಕಿಟಕಿಯಿಂದ ಕಲಾಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಅಪ್ಪ ಹುಲ್ಲಿನ ನಡುವೆ ನಿಂತು ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ ತಲೆಯೆತ್ತಿ, ಎಡ ಅಂಗೈಯನ್ನು ಎಡಗಣ್ಣಿಗೆ ಅಡ್ಡ ಹಿಡಿದು ಪಕ್ಕದ ಮನೆಯ ಗ್ಯಾರೇಜಿನ ಕಡೆ ನೋಡಿದರು. ಕೈ ತೆಗೆದರು. ಮತ್ತೆ ಹಿಡಿದರು. ಅವರು ಹಾಗೆ ಮಾಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಈ ಆರು ತಿಂಗಳಲ್ಲಿ ಒಮ್ಮೆಯೂ ತಮ್ಮನ್ನು ತಾವು ಪರೀಕ್ಷಿಸಿಕೊಂಡವರಲ್ಲ. ಮೂರನೆಯ ಸಲ ಎಡಗಣ್ಣು ಮುಚ್ಚಿಕೊಂಡೇ, ಕಿಟಕಿಯ ಕಡೆಗೆ ತಿರುಗದೆ ಕೇಳಿದರು:

"ಕಲಾ, ಆ ಗ್ಯಾರೇಜಿನ ಮುಂದ ಏನೈತಿ? ಕಂಬ ಐತೋ, ಮನಿಶ್ಯಾ ಅದಾನೋ?"

ಪಕ್ಕದ ಮನೆಯವನು ಪೈಪು ಹಿಡಿದು ಕಾರಿಗೆ ನೀರು ಬಿಡುತ್ತ ನಿಂತಿದ್ದ.

"ಮನಿಶ್ಯಾ ಅದಾನಪ್ಪಾ."

"ಹೂಂ" ಎಂದರು ನಾಗಲಿಂಗಪ್ಪ. ಕೈ ಕೆಳಗಿಳಿಸಿದರು. ಆ ಮನುಷ್ಯ ಇವರನ್ನು ಕಂಡು ಕೈ ಬೀಸಿದ, ಇವರೂ ಬೀಸಿದರು.

ಒಳಗೆ ಬಂದು ಅದೇ ಕುರ್ಚಿಯಲ್ಲಿ ಕೂತರು. ಯಾರ ಮುಖವನ್ನೂ ನೋಡಲಿಲ್ಲ. ಪ್ರಭಾಕರನ ಮುಂದೆ ಕೈ ಚಾಚಿದರು. ಅವನು ತನ್ನ ಎಲೆಯನ್ನು ಆ ಕೈಗೆ ಹಾಕಿದ. ಅದನ್ನು ಮತ್ತೆ ಅವನ ಮುಂದೆಯೇ ಇಟ್ಟರು.

"ಪ್ರಭಾಕರ. ಕಂಡಿಗೆ."

"ಅಪ್ಪಾ, ನಿನ್ನ ಲೈಸೆನ್ಸು..."

"ಹೋಗಲಿ. ಎತ್ತು."

ಪ್ರಭಾಕರ ಎತ್ತಿದ. ಅವನ ಕಣ್ಣು ತುಂಬಿತ್ತು; ಎಲೆ ಎಲ್ಲಿದೆಯೆಂದು ಅವನೂ ತಡಕಾಡಬೇಕಾಯಿತು.

"ಸೋವಿನ ನಡುವ ನಾನು" ಎಂದರು ನಾಗಲಿಂಗಪ್ಪ. "ನೀತಾ ಎಡಕ್ಕ, ಮೊದಲಿದ್ದಲ್ಲೇ." ಕಲಾಳ ಮುಂದಿನ ಎಲೆಯನ್ನು ಒಂದು ಬೆರಳಿನಿಂದ ಮುಂದಕ್ಕೆ ದಬ್ಬಿದರು. "ಕಲಾ ನನ್ನ ಬಲಕ್ಕ."

ಕಲಾ ತೊಡೆಯ ಕೆಳಗಿನಿಂದ ಕೈ ತೆಗೆದಳು. ಬೆರಳುಗಳಿಗೆ ಜೋಮು ಹಿಡಿದಿತ್ತು. ಎಲೆ ಎತ್ತಿಕೊಂಡಳು.

ಬೇರೆ ದಿನವಾಗಿದ್ದರೆ ವೀಳ್ಯವಾದ ಮೇಲೆ ಊಟ, ಹರಟೆ. ಅಂದು ಯಾರೂ ಏಳಲಿಲ್ಲ. ದ್ಯಾಮವ್ವ ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, ಬಲಗಣ್ಣಿನೊಳಗೆ ಕಸ ಹುಡುಕುವವಳ ಹಾಗೆ ನೋಡುತ್ತಿದ್ದಳು. ನಾಗಲಿಂಗಪ್ಪ ಎಂದೂ ಇಲ್ಲದಂತೆ ಸುಮ್ಮನೆ ನೋಡಿಸಿಕೊಂಡರು. ಕಲಾಳ ಜೊತೆ ಅವರು ಮಾತಾಡಲಿಲ್ಲ. ಮಾತಾಡುತ್ತಾರೋ ಇಲ್ಲವೋ, ಮೂರು ದಿನದ ದಾರಿಯುದ್ದಕ್ಕೂ ಹೀಗೇ ಇರುತ್ತಾರೋ ಎಂದು ಅವಳ ಜೀವ ಚಡಪಡಿಸುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ನಾಗಲಿಂಗಪ್ಪ ಹೆಂಡತಿಯ ಕೈ ಸರಿಸಿ, ತಮ್ಮ ಕಾಲಿನ ಕಡೆ ನೋಡಿಕೊಂಡರು.

"ಕುಂದರಾಂವ ಅಂತ ನಾ ಚಪ್ಪಲಿನ ಸಾಕು ಅಂದಿದ್ದೆ. ದಿನಕ್ಕ ಹತ್ತು ಮೈಲು ನಡಿಯೂದಂದ್ರ ಬೂಟು ಬೇಕು" ಎಂದರು. ಆಮೇಲೆ ಬಲಗಡೆಗೆ, ಅವಳು ಕೂತಿದ್ದ ಕಡೆಗೆ, ಪೂರ್ತಿ ತಿರುಗಿದರು. "ನಾಳೆ ಕೆಲಸದಿಂದ ಎಷ್ಟಕ್ಕ ಬರತೀ? ಅಂಗಡಿಗೆ ಹೋಗೂಣು. ಕಡಿಮಿ ರೇಟಿನವು ಬ್ಯಾಡ, ಗಟ್ಟಿ ಇರೂವು ನೋಡು."